ಕೊನೆಯ ಸಾಲಿನ ವಿಳಾಸ

...ಅಲ್ಲ ಕಣ್ಲಾ ಮಾದೇವ, ನೀನು ಇಂಗೆ ಬಾಯಿ ಹೊಲ್ಕೊಂಡು ಕಡ್ಡಿಗೆ ಹೊಗೆಸೊಪ್ಪು ಕಟ್ತಾ ಕೂತ್ರೆ ಕಳ್ಳ ಸಿಕ್ಬುಡ್ತಾನಾ? ಆ ಕಡ್ಡಿ ಕೆಳಗಿಡು ಮೊದ್ಲು. ಇಡಲ್ವಾ? ಸರಿ, ಕಟ್ಟು. ಕಟ್ಕೊಂಡೇ ಕೇಳು. ಕೈ ಸೊಪ್ಪಿಗೆ, ಕಿವಿ ಈ ವಸಂತನಿಗೆ. ರಾವಂದೂರಿಂದ ಗಾಡೀಲಿ ಗಾಳಿ ಸೀಳ್ಕೊಂಡು ಬಂದಿದ್ದೀನಿ, ಬಾ ಕೂತ್ಕೋ ಅನ್ನೋದೂ ಇಲ್ಲ ನಿನ್ನ ಬಾಯಲ್ಲಿ. ಇರ್ಲಿ ಬುಡು. ಸಂಕಟದಲ್ಲಿರೋನು ನೀನು. ನಾನು ಅರ್ಥ ಮಾಡ್ಕೋತೀನಿ. ನನ್ನಷ್ಟು ಅರ್ಥ ಮಾಡ್ಕೊಳ್ಳೋ ಸ್ನೇಹಿತ ಈ ಹೋಬಳೀಲೇ ಸಿಗಲ್ಲ ನಿಂಗೆ.

ಚಿಕ್ಕ ಅಪವಾದನಾ ನಿನ್ನ ಮೇಲೆ ಬಂದಿರೋದು? ನಿಮ್ಮಪ್ಪನ ಬ್ಯಾರನ್ನಲ್ಲಿ ಬೆಂಕಿ ಕಾವಿಗೆ ಹದ ಮಾಡೋಕೆ ತೂಗಾಕಿದ್ದ ಹೊಗೆಸೊಪ್ಪು ಅಷ್ಟಕ್ಕಷ್ಟೂ ಕರಕಲಾಗೋಯ್ತು. ಹಾಳು ಮಾಡಿದ್ದು ಮಗನೇ ಅಂತ ಊರೆಲ್ಲ ಆಡ್ಕೋತಾ ಐತೆ. ನಿಮ್ಮಪ್ಪ, ಸಣ್ಣಬೀರಯ್ಯ ಮಾವ, ನಿನ್ ಜೊತೆ ಮಾತು ಬಿಟ್ಟವ್ರೆ. ಹುಣಸೂರಿನ ಆ ಬಾಕ್ಸ್ ಕಂಪ್ನಿಯೋರು, ಈ ವಿಷ್ಯ ಇತ್ಯರ್ಥ ಆಗೋತನಕ ಕೆಲ್ಸದ ಕಡೆ ತಲೆ ಹಾಕ್ಬೇಡ ಅಂದವ್ರೆ. ಆ ಕಡೆ ಸಾಫ್ಟ್‌ವೇರಿನ ಯಜಮಾನ, ಆ ಪೋಲೆಂಡಿನೋನು... ಏನಂತ ಬರ್ದವ್ನೆ? 'ಇದನ್ನ ಬರೆದದ್ದು ನೀನೇನಾ? ಇವತ್ತೊಳಗೆ ಹೇಳು. ಇಲ್ದಿದ್ರೆ ನಿನ್ನ ಹೆಸರಲ್ಲಿ ಬರೋದನ್ನ ಇನ್ನು ಮುಟ್ಟಲ್ಲ' ಅಂತ. ಇವತ್ತೊಳಗೆ! ನೀನು ನೋಡಿದ್ರೆ ಹೂ ಕಟ್ಟೋಳ ಥರ ತಲೆ ತಗ್ಗಿಸ್ಕೊಂಡು...

ಏನು? ನನ್ ಕೈಲೇನೈತೆ ಅಂತಾನಾ ಆ ನೋಟ? ಬುದ್ಧಿ ಐತೆ ಕಣ್ಲಾ ನನ್ನ ಕೈಲಿ! ಮೊದ್ಲಿಂದ ಜೋಡಿಸ್ತೀನಿ, ಪೊಲೀಸ್ನೋರ ಥರ. ಎಲ್ಲಾದ್ರೂ ತಪ್ಪಿದ್ರೆ ತಿದ್ದು. ನಗಬೇಡ. ನಗ್ಲಿಲ್ವಾ? ಮೀಸೆ ಅಲ್ಲಾಡ್ದಂಗಾಯ್ತು.

ಬ್ಯಾರನ್ ಗೋಡೆಗೆ ಒಂದು ಬಾಕ್ಸು. ಒಳಗೆ ಕಾವು ಎಷ್ಟೈತೆ ಅಂತ ಅಳೀತದೆ, ಫೋನಿಗೆ ಕಳಿಸ್ತದೆ. ಬೆಂಕಿ ಬಾಯಿ ಮುಂದೆ ಕಣ್ಣು ಕೆಂಪು ಮಾಡ್ಕೊಂಡು ಕೂರೋದು ತಪ್ತು ರೈತರಿಗೆ. ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆ ತನಕ ಬ್ಯಾರನ್ ಬ್ಯಾರನ್ನಿಗೂ ಆ ಬಾಕ್ಸು ಕೂರ್ಸಿದ್ದು ಯಾರು? ನಾನು! ...ಆಯ್ತು, ನಾನೂ ನೀನೂ. ನೀನು ವೈರು ಎಳೀತಿದ್ದೆ, ನಾನು ಮಾತಾಡ್ತಿದ್ದೆ. ಮಾತಾಡೋದು ಕಮ್ಮಿ ಕೆಲ್ಸ ಅಂದ್ಕೊಂಡ್ಯಾ? ನನ್ನ ಬಾಯಿ ಇರ್ಲಿಲ್ಲ ಅಂದಿದ್ರೆ ಒಬ್ಬ ಗೌಡನೂ ಅದನ್ನ ಗೋಡೆಗೆ ಹೊಡ್ಸ್‌ಕೊಳ್ತಿರ್ಲಿಲ್ಲ.

ಸರಿ. ಆ ಬಾಕ್ಸೊಳಗಿನ ಸಾಫ್ಟ್‌ವೇರು ಯಾರಪ್ಪನ ಆಸ್ತಿನೂ ಅಲ್ಲ. ಯಾರು ಬೇಕಾದ್ರೂ ತಿದ್ಬೋದು. ತಿದ್ದಿ, ತಿದ್ದಿದ್ದಷ್ಟನ್ನ ಮಾತ್ರ ಈಮೇಲಲ್ಲಿ ಕಳಿಸ್ಬೇಕು. ಅವ್ರು ಪ್ಯಾಚ್ ಅಂತಾರೆ, ನಾನು ತೇಪೆ ಅಂತೀನಿ. ಆ ಮೇಲು ಒಬ್ಬರಿಗೆ ಹೋಗೋದಲ್ಲ, ಇಡೀ ಗುಂಪಿಗೇ ಹೋಗೋದು. ಅರಳಿಕಟ್ಟೆ ಹತ್ತಿ ಕೂಗ್ದಂಗೆ. ದೇಶದೇಶದೋರೆಲ್ಲ ಓದ್ತಾರೆ, ಹೋಗಿದ್ದು ಹೋಗಿದ್ದೇ, ಅಳಿಸೋಕಾಗಲ್ಲ. ಯಜಮಾನ ಒಪ್ಪಿದ್ರೆ ಎಲ್ಲಾ ಬಾಕ್ಸಿಗೂ ತಾನೇ ಬಂದು ಇಳೀತದೆ. ಇವೆಲ್ಲ ನಿಂಗೆ ಗೊತ್ತಿರೋದೇ, ಆದ್ರೂ ಹೇಳ್ತೀನಿ. ಕೇಸು ಕಟ್ಟೋವಾಗ ಗೊತ್ತಿರೋದನ್ನೂ ಹೇಳ್ಬೇಕು.

ಈಗ ಈ ಹಾಳು ತೇಪೆ. ಹೋಗಿರೋದು ನಿನ್ನ ಹೆಸರಲ್ಲಿ. ಏನೈತೆ ಅದರಲ್ಲಿ? ಕಾವಿನ ಅಂಕಿ ಕುಣೀತಾ ಇತ್ತಲ್ಲ, ಒಂದು ಗಳಿಗೆ ನೂರ ಮೂವತ್ತು, ಒಂದು ಗಳಿಗೆ ನೂರ ಐವತ್ತು ಅಂತ, ಅದನ್ನ ನಿಲ್ಲಿಸೋಕೆ ಹೋದದ್ದು. ಅಂಕಿ ಒಂದೇ ಸಲ ಹಾರಿದ್ರೆ ಅದು ಸುಳ್ಳು ಅಂತ ತಳ್ಬುಡು, ಹಳೇ ಅಂಕಿನೇ ತೋರ್ಸು. ಚೆನ್ನಾಗಿ ಯೋಚ್ನೆ ಮಾಡಿರೋದೇ ಕಣ್ಲಾ! ಒಳ್ಳೇ ತಲೆ ಇರೋನೇ ಬರ್ದಿರೋದು. ಆದ್ರೆ ಏನಾಯ್ತು? ನಿಮ್ಮಪ್ಪ ಒಣ ಸೌದೆ ಇಟ್ರು, ಕಾವು ನಿಜವಾಗ್ಲೂ ಒಂದೇ ಸಲ ಹಾರ್ತು. ಬಾಕ್ಸು ಅದನ್ನ ಸುಳ್ಳು ಅಂದ್ಕೊಳ್ತು. ಹಳೇ ಅಂಕಿ ಹಿಡ್ಕೊಂಡು ಕೂತ್ಬುಡ್ತು. ಮಾವ ಫೋನ್ ನೋಡ್ತಾರೆ, ಕಾವು ಸಾಲ್ದು ಅಂತೈತೆ. ಇನ್ನೊಂದು ಕೊರಡು ನೂಕಿದ್ರು. ನೋಡಿದ್ರು, ಆಗ್ಲೂ ಸಾಲ್ದು. ಇನ್ನೊಂದು ಕೊರಡು...

ಗೊತ್ತು ಬುಡು. ನೆನೆಸ್ಕೊಬೇಡ.

ಯಜಮಾನ ಹುಡುಕ್ದ, ಈ ಸಾಲು ಬರೆದೋರ್ಯಾರು ಅಂತ. ಹೆಸರು ಬಂತು: ಮಾದೇವ. ಕಂಪ್ನಿಯೋರು ಬ್ಯಾರನ್ ಯಜಮಾನ್ರುಗಳನ್ನೆಲ್ಲ ಅಂಗಳದಲ್ಲಿ ಕೂರ್ಸಿದಾಗ ಆ ರಮ್ಯಾ, ಆಫೀಸಲ್ಲಿ ಕಂಪ್ಯೂಟರ್ ಮುಂದೆ ಕೂರ್ತಾಳಲ್ಲ, ಎದ್ದು ನಿಂತು ಓದಿ ಹೇಳಿದ್ಲು. ನಿಮ್ಮಪ್ಪ ಅಲ್ಲೇ ಮುಂದಿನ ಸಾಲಲ್ಲಿ. ನಂಗೆ ಅವಳ ಮೇಲೂ ಅನುಮಾನನೇ. ಅಷ್ಟು ಸ್ಪಷ್ಟವಾಗಿ ಓದ್ಬೇಕಾಗಿತ್ತಾ? ಊರ ಹೆಸರೂ ಸೇರ್ಸಿ? ಮೆಲ್ಲಗೆ ಓದ್ಬೋದಾಗಿತ್ತು. ನೀನು ಅವಳ ಪರ ಮಾತಾಡ್ಬೇಡ. ಮಾತಾಡ್ತಿಲ್ಲ ಅಂತ ಗೊತ್ತು, ಮುಖದಲ್ಲೇ ಮಾತಾಡ್ತಿದ್ದೀಯ.

ಈಗ ಬಾ ಮುಖ್ಯ ವಿಷ್ಯಕ್ಕೆ. ಆ ಗುಂಪಿಗೆ ಒಂದು ಕಟ್ಟುನಿಟ್ಟು. ಮೇಲು ಕಳಿಸಿದೋರ ವಿಳಾಸ, ಒಳಗೆ ಬರೆದೋರ ವಿಳಾಸ, ಕೊನೆಯ ಸಾಲಲ್ಲಿ ಸಹಿ ಹಾಕಿದೋರ ವಿಳಾಸ, ಮೂರೂ ಒಂದೇ ಇರ್ಬೇಕು. ಒಂದಕ್ಷರ ಅತ್ತಿತ್ತ ಆದ್ರೂ ಅಲ್ಲಿರೋ ಮಿಷಿನ್ನು ಉಗೀತದೆ. ಈ ತೇಪೇಲಿ? ಮೂರೂ ನಿಂದೇ. ಅದಕ್ಕೇ ಎಲ್ಲಾರೂ, ಮೂರೂ ಕೂಡಿದ್ಮೇಲೆ ಇನ್ನೇನು ಅನುಮಾನ ಅಂತವ್ರೆ. ನಾನು ಹೇಳ್ತೀನಿ ಕೇಳು: ಮೂರೂ ಅಷ್ಟು ಸರಿಯಾಗಿ ಕೂಡಿರೋದೇ ಅನುಮಾನ! ನೀನು ನಿನ್ನ ಚಪ್ಪಲೀನೇ ಜೋಡಿ ಸರಿಯಾಗಿ ಬಿಡೋನಲ್ಲ.

ನಗು. ನಗಪ್ಪಾ, ಒಂದ್ಸಲ ನಗು.

ಈ ತೇಪೆ ಹೋದ ವಾರ ನೀನೆಲ್ಲಿದ್ದೆ? ಎನ್. ಬೇಗೂರಲ್ಲಿ, ನಿಮ್ಮಕ್ಕನ ಬಾಣಂತನಕ್ಕೆ ನಿಮ್ಮವ್ವನ್ನ ಬಿಡೋಕೆ ಹೋಗಿ ಅಲ್ಲೇ ಉಳ್ಕೊಂಡೆ. ಅಲ್ಲಿ ಟವರ್ ಎಲ್ಲೈತೆ? ಫೋನ್ ಹಿಡ್ಕೊಂಡು ಬೋರೆ ಹತ್ತಿದ್ರೂ ಕೇರಳದ ಸಿಗ್ನಲ್ ಬರ್ತದೆ, ಮಲಯಾಳದಲ್ಲಿ ಹೆಣ್ಣು ಮಾತಾಡ್ತದೆ. ನೀನು ಎಂಗೆ ತೇಪೆ ಕಳಿಸ್ತೀಯ? ಇಷ್ಟು ಒಂದು ಮಾತು ನೀನು ಬಾಯಿ ಬಿಟ್ಟು ಹೇಳಿದ್ರೆ ಮುಗ್ದೋಗ್ತಿತ್ತು. ಯಾಕ್ಲಾ ಹೇಳ್ಲಿಲ್ಲ? ಅಂಗಳದಲ್ಲಿ ನಿಮ್ಮಪ್ಪ ತಿರುಗಿ ನೋಡಿದಾಗ ಯಾಕೆ ಹೇಳ್ಲಿಲ್ಲ? ನಾನೇ ಎದ್ದು ಹೇಳೋಣ ಅಂದ್ಕೊಂಡೆ. ಆದ್ರೆ... ಗಂಟ್ಲು ಕಟ್ಟಿತ್ತು ಅವತ್ತು. ಶೀತ ಆಗಿತ್ತು.

ಲ್ಯಾಪ್‌ಟಾಪು ಎಲ್ಲಿತ್ತು ಆ ವಾರ? ಅದು ಪಾಯಿಂಟು! ಕೀಲಿ ಒತ್ತಿದ್ರೆ ಕೂರಲ್ಲ ಅಂತ ಗೌರೀಶನ ನೆಟ್ ಸೆಂಟರಿಗೆ ರಿಪೇರಿಗೆ ಕೊಟ್ಟು ಹೋಗಿದ್ದೆ. ಗೌರೀಶ! ಈ ಊರೋರ ಮೇಲ್ ಐಡಿ ಎಲ್ಲಾ ಮಾಡ್ಕೊಟ್ಟೋನ್ಯಾರು? ಅವನೇ. ರೈತರ ನೋಂದಣಿ ಬಂದಾಗ ಸಾಲಾಗಿ ನಿಲ್ಲಿಸಿ ಮಾಡ್ದ. ನಿಂದೂ, ನಂದೂ, ನಿಮ್ಮಪ್ಪಂದೂ. ಪಾಸ್‌ವರ್ಡು? ಎಲ್ಲಾರಿಗೂ ಒಂದೇ ಥರ, ಹೆಸರು, ಅದರ ಮುಂದೆ ಊರಿನ ಪಿನ್ ಕೋಡು. ಯಾರಾದ್ರೂ ಬದಲಾಯಿಸಿದ್ರಾ? ನೀನು ಬದಲಾಯಿಸಿದ್ಯಾ? ಇಲ್ಲ. ನಿನ್ನ ಮೇಲ್ ಬಾಗ್ಲಿಗೆ ಬೀಗನೇ ಇರ್ಲಿಲ್ಲ ಅಂತಾಯ್ತು. ಲ್ಯಾಪ್‌ಟಾಪು ಅವನ ಹತ್ರ, ಪಾಸ್‌ವರ್ಡು ಅವನಿಗೆ ಗೊತ್ತು, ನನ್ನ ಕಂಡ್ರೆ ಅವನಿಗೆ ಮೈ ಉರಿ. ಕೇಸು ಮುಗೀತಲ್ಲ!

ನನ್ನ ಕಂಡ್ರೆ ಉರಿ ಇದ್ರೆ ನಿನ್ನ ಹೆಸರು ಯಾಕೆ ಕೆಡ್ಸಿದ ಅಂತೀಯಾ? ...ಅದು... ನೀನು ನನ್ನ ಸ್ನೇಹಿತ ಅಂತ! ನಿಂಗೆ ಹೊಡೆದ್ರೆ ನಂಗೆ ನೋವಾಗ್ತದೆ ಅಂತ. ಮಹಾ ಕಿಲಾಡಿ ಅವನು. ನನ್ನ ಏನಂತ ಕರೀತಾನೆ ಗೊತ್ತಲ್ಲ? ಫ್ಲೆಕ್ಸ್ ಎಂಜಿನಿಯರ್ ಅಂತ. ಯಾಕೆ, ಹೋದ ವರ್ಷ ನಂದೊಂದು ತೇಪೆ ಕಳಿಸಿದ್ದೆ, ನನ್ನ ಹೆಸರಲ್ಲೇ, ರಾವಂದೂರು ಸರ್ಕಲ್ಲಿನಲ್ಲಿ ಹುಡುಗರು ಫ್ಲೆಕ್ಸು ಕಟ್ಟಿದ್ರು. ವಿಶ್ವಮಟ್ಟದ ತಂತ್ರಜ್ಞ ವಸಂತ್ ಅವರಿಗೆ ಅಭಿನಂದನೆ ಅಂತ. ಕೂಲಿಂಗ್ ಗ್ಲಾಸ್ ಹಾಕಿರೋ ಫೋಟೊ. ಮಾರನೇ ದಿನ ಆ ಪೋಲೆಂಡಿನೋನು ಅಷ್ಟು ಜನದ ಮುಂದೆ ಕೇಳ್ದ: 'ಇದನ್ನ ಕಳಿಸೋ ಮುಂಚೆ ಒಂದ್ಸಲನಾದ್ರೂ ಓಡಿಸಿ ನೋಡಿದ್ಯೇನಪ್ಪಾ?' ಅಂತ. ಬೇರೆ ದೇಶದೋರು ಯಾರ್ಯಾರೋ ಬಂದು ಅದರ ಕೆಳಗೆ ನಗೋ ಚಿತ್ರ ಹಾಕಿದ್ರು. ಗೌರೀಶ ಅದನ್ನ ಪ್ರಿಂಟು ತೆಗ್ದು ಅಂಗಡಿ ಗೋಡೆಗೆ ಅಂಟಿಸ್ಕೊಂಡ ಕಣ್ಲಾ! ಬಂದೋರ್ಗೆಲ್ಲ ಕನ್ನಡ ಮಾಡಿ ಹೇಳ್ದ. ಫ್ಲೆಕ್ಸು ಗಾಳಿಗೆ ಹರ್ದೋಯ್ತು. ಗಾಳಿಗೇ! ನಾನ್ಯಾಕೆ ಕೀಳ್ಲಿ?

ನಂಗೇನೂ ಬೇಜಾರಿಲ್ಲ. ಪ್ರತಿಭೆ ಇರೋರನ್ನ ಮೊದ್ಲು ಬೈಯೋದೇ.

ಈಗ ಈ ಕಳ್ಳನ ತಲೆ ಎಂಗೆ ಓಡಿರ್ಬೇಕು, ಯೋಚ್ನೆ ಮಾಡೋಣ. ಅವನ ಜಾಗದಲ್ಲಿ ನಾನಿದ್ದೀನಿ ಅಂದ್ಕೋ. ಅಂದ್ಕೋ ಅಂದೆ, ಅಷ್ಟೆ. ಅವನಿಗೆ ಒಳ್ಳೇ ಉಪಾಯ ಹೊಳೀತು. ಕೂತು ಬರ್ದ. ಇದು ಸರಿಯಾಗಿ ನಡೆದ್ರೆ ಊರೇ ಕೊಂಡಾಡ್ತದೆ ಅಂದ್ಕೊಂಡ. ಎಲ್ಲಾ ಆಯ್ತು. ಕೊನೆಯ ಸಾಲಿಗೆ ಬಂದ. ಆ ಸಹಿ ಸಾಲು ಅಂದ್ರೆ ಬರೀ ಹೆಸರಲ್ಲ ಕಣ್ಲಾ, ಇದು ನಂದು, ಇದಕ್ಕೆ ನಾನು ಹೊಣೆ ಅಂದಂಗೆ. ಅಲ್ಲಿ ಕೈ ತಡೀತದೆ. ತಡೀದೇ ಇರ್ತದಾ? ಮತ್ತೆ ಆ ಪೋಲೆಂಡಿನೋನು ಕೇಳಿದ್ರೆ? ಮತ್ತೆ ಅಷ್ಟು ಜನ ನಕ್ರೆ? ಲ್ಯಾಪ್‌ಟಾಪಲ್ಲಿ ಎಂಗಿದ್ರೂ ಬರೆದೋರು ಅನ್ನೋ ಜಾಗದಲ್ಲಿ ಮಾದೇವ ಅಂತ ತಾನಾಗೇ ಬಿದ್ದೈತೆ. ಇರ್ಲಿ ಅಂದ. ಮಾದೇವ ಒಳ್ಳೆ ಹುಡುಗ, ಅವನನ್ನ ಯಾರೂ ಬೈಯಲ್ಲ. ಸರಿಹೋದ್ರೆ ಆಮೇಲೆ ಹೇಳ್ಕೊಂಡ್ರಾಯ್ತು, ಇದು ನಂದು ಅಂತ. ಮಾದೇವ ಇಲ್ಲ ಅಂತಾನಾ? ಯಾವತ್ತಾದ್ರೂ ಇಲ್ಲ ಅಂದವ್ನಾ...

ಹಿಂಗೆ ಯೋಚ್ನೆ ಮಾಡಿರ್ತಾನೆ ಅಂದೆ. ಆ ಗೌರೀಶ.

ಯಾಕೆ, ಗೌರೀಶನಿಗೆ ಬರೆಯಕ್ಕೆ ಬರಲ್ವಾ? ಬರ್ತದೆ ಬುಡು, ಕಲ್ತಿರ್ತಾನೆ. ಫೋನಿಗೆ ಗಾಜು ಅಂಟಿಸೋನು ಅಂತ ಕಡೆಗಣಿಸ್ಬೇಡ. ಈಗಿನ ಕಾಲದಲ್ಲಿ ಯಾರನ್ನೂ ನಂಬಂಗಿಲ್ಲ. ಪರೀಕ್ಷೆನೂ ಮಾಡವ್ನೆ ನೋಡು, ಸುಮ್ಮನೆ ಏನ್ ಕಳಿಸಿಲ್ಲ. ಹಂಡೆ ನೀರಲ್ಲಿ ಅದ್ದಿ ನೋಡವ್ನೆ. ಬಚ್ಚಲ ಒಲೆ ಹಚ್ಚಿ, ಕಾವು ಅಳೆಯೋ ವೈರು ಮುಳುಗ್ಸಿ... ಅಂಕಿ ಹಸು ನಡೆದಂಗೆ ಮೆತ್ತಗೆ ಏರ್ತು. ಕುಣಿದಾಟ ಇಲ್ಲ, ಏನಿಲ್ಲ. ನೋಡಿದ್ರೆ ಕಣ್ಣು ತುಂಬ್ಬೇಕು, ಅಷ್ಟು ಸೊಗಸಾಗಿ! ನೀರು ನಿಧಾನಕ್ಕೆ ಕಾಯ್ತದೆ, ಬ್ಯಾರನ್ನು ಅಂಗಲ್ಲ ಅಂತ ಆವಾಗ ಹೊಳೀಲಿಲ್ಲ, ಯಾರ್ಗಾದ್ರೂ...

ಯಾಕ್ಲಾ ಕೈ ನಿಲ್ಲಿಸ್ದೆ?

ಹಂಡೆ? ಉದಾಹರಣೆಗೆ ಅಂದೆ. ಎಲ್ಲರ ಮನೇಲೂ ಹಂಡೆ ಇರ್ತದಲ್ಲ. ಗೌರೀಶನ ಮನೇಲಿ... ಗೀಸರ್ ಐತಾ? ಇದ್ರೆ ಇರ್ಲಿ, ಹಂಡೆನೂ ಇರ್ತದೆ ಹಿತ್ಲಲ್ಲಿ. ನೀನು ಸೊಪ್ಪು ಕಟ್ಟು. ಕಟ್ಟಪ್ಪಾ, ಬಾಡೋಗ್ತದೆ.

ಎಲ್ಲಿದ್ದೆ ನಾನು... ಹ್ಞಾಂ. ಅವನ ಬುದ್ಧಿವಂತಿಕೆ ನೋಡು. ಮೊದ್ಲು ಕಳಿಸಿದ್ದು ವಾಪಸ್ ಬಂತು. ಯಾಕಂದ್ರೆ ಕಳಿಸಿದೋರು ಒಬ್ರು, ಬರೆದೋರು ಇನ್ನೊಬ್ರು, ವಿಳಾಸ ತಾಳೆ ಆಗ್ತಿಲ್ಲ ಅಂತ ಮಿಷಿನ್ನು ಉಗೀತು. ಅವಾಗ್ಲಾದ್ರೂ ತನ್ನ ಹೆಸರು ಹಾಕ್ಬೇಕಿತ್ತಲ್ಲ? ಇಲ್ಲ! ಮೂರೂ ಕಡೆ ನಿನ್ನದೇ ಹಾಕಿ, ನಿನ್ನ ಮೇಲಿಂದ್ಲೇ ಎರಡನೇ ಸಲ...

ಏನು? ವಾಪಸ್ ಬಂದಿದ್ದು ನಿಂಗೆ ಗೊತ್ತೇ ಇಲ್ವಾ? ನಿನ್ನ ಮೇಲಿಗೆ ಬಂದಿರ್ಬೇಕಲ್ಲ... ಬಂದಿಲ್ವಾ? ಗುಂಪಿನೋರಿಗೂ ಕಂಡಿಲ್ವಾ? ಕಳಿಸಿದೋರಿಗೆ ಮಾತ್ರ ಬರ್ತದಾ ಅದು?

ಹೌದು. ಕಳಿಸಿದೋರಿಗೆ ಮಾತ್ರ ಬರ್ತದೆ.

ಅಂದ್ರೆ ನಾನು ಹೇಳಿದ್ದು... ಬಂದಿರ್ಬೇಕು ಅಂತ. ಊಹೆ. ಪೊಲೀಸ್ನೋರು ಊಹೆ ಮಾಡಲ್ವಾ? ನೀನೇನು ನನ್ನ ಮೇಲೇ ಕಣ್ಣು ಹಾಯಿಸ್ತಿದ್ದೀಯ? ನಿನ್ನ ಒಳ್ಳೇದಕ್ಕೆ ಅಂತ ಹೊಟ್ಟೆಗೂ ಹಾಕ್ದೆ ಓಡ್ಬಂದೋನು ನಾನು! ಲ್ಯಾಪ್‌ಟಾಪು ಗೌರೀಶನ ಹತ್ರ ಇತ್ತು. ಹ್ಞೂಂ, ಅವನ ಅಂಗಡಿಯಿಂದ ನಾನೇ ಬಿಡಿಸ್ಕೊಂಡು ಬಂದೆ. ನಾಕು ದಿನ ನಮ್ಮನೇಲಿತ್ತು, ನೀನು ಬರೋ ಮುಂಚೆ ಅವನ ಅಂಗಡೀಲೇ ವಾಪಸ್ ಇಟ್ಟೆ. ಇತ್ತು ಅಂದ್ರೆ ಸುಮ್ನೆ ಇತ್ತು, ಬೀರು ಮೇಲೆ. ಸ್ನೇಹಿತನ ಸಾಮಾನು ಜೋಪಾನ ಮಾಡೋದೂ ತಪ್ಪಾ? ಅದನ್ನ ಗೌರೀಶ ನಿಂಗೆ ಹೇಳಿದ್ನಾ? ಯಾವಾಗ ಸಿಕ್ಕಿದ್ದ ಅವನು? ನೀವಿಬ್ರೂ ಸೇರ್ಕೊಂಡು...

ಮಾತಾಡ್ಲಾ. ಹ್ಞೂಂ ಅನ್ನು, ಊಹೂಂ ಅನ್ನು. ಇಂಗೆ ಕೂತ್ರೆ ನಾನೇನು ಅಂತ ತಿಳ್ಕೊಳ್ಳಿ?

ಸರಿ, ಬುಡು. ಜಗಳ ಬೇಡ. ಕೆಲಸದ ಮಾತಾಡೋಣ. ನಾನೊಂದು ಬರ್ಕೊಂಡು ಬಂದಿದ್ದೀನಿ, ಯಜಮಾನನಿಗೆ ಉತ್ತರ, ಇಂಗ್ಲಿಷಲ್ಲೇ. 'ಇದನ್ನ ಬರೆದದ್ದು ನಾನಲ್ಲ, ನಮ್ಮೂರ ನೆಟ್ ಸೆಂಟರಿನ ಗೌರೀಶ ಎಂಬುವನು ನನ್ನ ಪಾಸ್‌ವರ್ಡ್ ಕದ್ದು ಕಳಿಸಿದ್ದಾನೆ.' ಕೆಳಗೆ ನಿನ್ನ ಹೆಸರು. ಕಳಿಸ್ಬುಡು, ಮುಗೀತು. ನಿಮ್ಮಪ್ಪ ಮಾತಾಡ್ತಾರೆ, ಕಂಪ್ನಿಯೋರು ಕರೀತಾರೆ. ಗೌರೀಶನಿಗೇನು? ಅವನು ಆ ಗುಂಪಲ್ಲೇ ಇಲ್ಲ, ಅವನಿಗೆ ಗೊತ್ತೂ ಆಗಲ್ಲ. ...ಊರೋರು ಅವನ ಅಂಗಡಿಗೆ ಹೋಗಲ್ವಾ? ಹೋಗ್ದಿದ್ರೆ ಬೇಡ. ಕೋಟೇಲಿ ಇನ್ನೊಂದು ಅಂಗಡಿ ಇಟ್ಕೋತಾನೆ. ನೀನು ಯಾರ ಬಗ್ಗೆ ಯೋಚ್ನೆ ಮಾಡ್ತಿದ್ದೀಯ ಈಗ? ನಿನ್ನ ಬಗ್ಗೆ ಯೋಚ್ನೆ ಮಾಡು!

ಕೊಡು ಫೋನು. ನೀನು ಕಳಿಸಲ್ಲ ಅಂದ್ರೆ ನಾನೇ ಕಳಿಸ್ತೀನಿ, ನಿನ್ನ ಮೇಲಿಂದ್ಲೇ. ವಿಳಾಸ ತಾಳೆ ಆಗ್ಬೇಕಲ್ಲ, ಅದಕ್ಕೆ. ಕೊಡು ಅಂದೆ... ಕೊಟ್ಯಾ? ಅಷ್ಟು ಸಲೀಸಾಗಿ ಕೊಟ್ಬುಟ್ಟೆ? ಎಲ್ಲಿ... ಇದು ಯಜಮಾನಂದು... ಅದರ ಕೆಳಗೆ...

ನೀನಾಗ್ಲೇ ಬರ್ದಿದ್ದೀಯಾ?

ಬೆಳಿಗ್ಗೆನೇ? ನಾನು ಬರೋ ಮುಂಚೆನೇ ಕಳಿಸಿ ಕೂತಿದ್ದೀಯಾ? ಮತ್ತೆ ಇಷ್ಟೊತ್ತು ನನ್ನ ಕೈಲಿ ಇಷ್ಟೆಲ್ಲ ಮಾತಾಡ್ಸಿ... ತಾಳು, ಓದ್ತೀನಿ. ಎರಡೇ ಸಾಲು. 'ಇದನ್ನ ಬರೆದವನು ನಾನಲ್ಲ. ಬರೆದವನು ಇವತ್ತು ಸಂಜೆಯೊಳಗೆ ತನ್ನ ವಿಳಾಸದಿಂದಲೇ ನಿಮಗೆ ಬರೆಯುತ್ತಾನೆ.'

ಇಷ್ಟೇನಾ?

ಹೆಸರು ಹಾಕಿಲ್ವಲ್ಲ ನೀನು. ಯಾರು ಅಂತ ಹಾಕಿಲ್ಲ. ಯಾಕೆ ಹಾಕ್ಲಿಲ್ಲ? ಗೊತ್ತಿಲ್ಲ ಅಂತಾನಾ? ಗೊತ್ತಿಲ್ದೇ ಬರೀತಾನೆ ಅಂತ ಎಂಗೆ ಬರ್ದೆ? ಯಾರು ಬರೀತಾನೆ? ಗೌರೀಶ ಬರೀತಾನಾ? ಗೌರೀಶನಿಗೆ ಆ ಗುಂಪು ಎಲ್ಲೈತೆ ಅಂತನೇ... ಗೊತ್ತಿಲ್ಲ.

ಮಾದೇವ.

ಅಂಗೆ ನೋಡ್ಬೇಡ ಕಣ್ಲಾ. ಬೈಯ್ಯಿ ಬೇಕಾದ್ರೆ. ಆ ಕಡ್ಡಿ ತಗೊಂಡು ಎರಡು ಬಾರ್ಸು. ಬಾಯಿ ತೆಗೀಲೇ, ಏನಾದ್ರೂ ಅನ್ನು... ಅವನು ಬರೀದೇ ಇದ್ರೆ? ಹ್ಞಾಂ? ಈಗ ಗಾಡಿ ಹತ್ತಿ ಹೊಂಟೋದ್ರೆ ಏನ್ ಮಾಡ್ತೀಯ? ದೇಶದೇಶದೋರ ಮುಂದೆ ಬರೀತಾನೆ ಅಂತ ಮಾತು ಕೊಟ್ಟು ಕೂತಿದ್ದೀಯಲ್ಲ, ಅವನು ಎಂಥೋನು ಅಂತ ಗೊತ್ತಿದ್ದೂ... ಅವನ ಬಾಯಿ ಎಂಥದ್ದು, ಧೈರ್ಯ ಎಷ್ಟು ಅಂತ ನಿನ್ನಷ್ಟು ಗೊತ್ತಿರೋರು ಯಾರೂ ಇಲ್ಲ...

...

ಸಂಜೆ ಅಂತ ಬರ್ದಿದ್ದೀಯಲ್ಲ... ಪೋಲೆಂಡಿನ ಸಂಜೆನಾ, ನಮ್ಮ ಸಂಜೆನಾ?